ಬೆಳೆಯ ಲಾಭ, ಬೇಲಿಯ ಲಾಭ



ಲಾಭದಾಸೆಯಿಂದ ತಂತ್ರಜ್ಞಾನ ಬೆಳೆಯುತ್ತದೆಯೋ ಕುಂಠಿತವಾಗುತ್ತದೆಯೋ ಎಂಬುದು ಸಂಘಟಕರು ನನಗೆ ಕೊಟ್ಟಿರುವ ವಿಷಯ. ಕಾಲೇಜಿನ ಚರ್ಚಾಸ್ಪರ್ಧೆಗೆ ಹೇಳಿ ಮಾಡಿಸಿದ ಪ್ರಶ್ನೆ. ಪರವಾಗಿ ಮಾತಾಡುವ ಹುಡುಗ ಮೊಬೈಲ್ ಫೋನನ್ನು ಎತ್ತಿ ತೋರಿಸುತ್ತಾನೆ, ವಿರೋಧಿಸುವ ಹುಡುಗಿ ಔಷಧದ ಬೆಲೆಯನ್ನು ಎತ್ತಿ ತೋರಿಸುತ್ತಾಳೆ, ತೀರ್ಪುಗಾರರು ಉಚ್ಚಾರಣೆ ಯಾರದು ಚೆನ್ನಾಗಿತ್ತೆಂದು ನೋಡಿ ಬಹುಮಾನ ಕೊಡುತ್ತಾರೆ. ಉದಾಹರಣೆಗಳಿಗೆ ಎರಡೂ ಕಡೆ ಬರವಿಲ್ಲ. ಬರ ಇರುವುದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನೋಡುವ ತಾಳ್ಮೆಗೆ. ಅದಕ್ಕಾಗಿ ಇವತ್ತು ನಾನು ಒಂದೇ ವಸ್ತುವಿನ ಬೆನ್ನು ಹತ್ತಿ ನೂರು ವರ್ಷ ನಡೆಯಬೇಕೆಂದಿದ್ದೇನೆ. ಆ ವಸ್ತು ಇನ್ಸುಲಿನ್. ಇಲ್ಲಿ ಕುಳಿತವರಲ್ಲಿ ಎಷ್ಟೋ ಜನರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಅದು ಇದ್ದೀತು. ಪರಿಚಯದ ಅಗತ್ಯವಿಲ್ಲ.

1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ಶಸ್ತ್ರವೈದ್ಯ ಮತ್ತು ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿ ಸೇರಿ, ಮೇದೋಜೀರಕ ಗ್ರಂಥಿಯನ್ನು ತೆಗೆದ ನಾಯಿಗಳ ಮೇಲೆ ಪ್ರಯೋಗ ಶುರುಮಾಡಿದರು. ಜಾಗ, ನಾಯಿಗಳು, ಸಹಾಯಕ ಎಲ್ಲವನ್ನೂ ಒದಗಿಸಿದವರು ಪ್ರಾಧ್ಯಾಪಕ ಮೆಕ್ಲಿಯೋಡ್. ವರ್ಷದ ಕೊನೆಗೆ ಜೀವರಸಾಯನ ಬಲ್ಲ ಜೇಮ್ಸ್ ಕಾಲಿಪ್ ಜೊತೆಗೂಡಿದರು. 1922ರ ಜನವರಿ 11ರಂದು ಸಕ್ಕರೆ ಕಾಯಿಲೆಯಿದ್ದ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಫಲಿಸಲಿಲ್ಲ, ದ್ರಾವಣದಲ್ಲಿ ಕಶ್ಮಲವಿತ್ತು. ಕಾಲಿಪ್ ಹಗಲಿರುಳು ಕೂತು ಶುದ್ಧೀಕರಿಸಿದ ಮದ್ದನ್ನು ಅದೇ ತಿಂಗಳ 23ರಂದು ಕೊಟ್ಟಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು. ಅಲ್ಲಿಯವರೆಗೆ ಅಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಎಂದರೆ ಉಪವಾಸ. ಹೊಟ್ಟೆಗೆ ಕಡಿಮೆ ಹಾಕಿ ಸಾವನ್ನು ಕೆಲವು ತಿಂಗಳು ಮುಂದೂಡುವುದು.

ಇದರ ಪೇಟೆಂಟ್ ಹಕ್ಕನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಮಾರಿದರು. ವೈದ್ಯನಾದವನು ಔಷಧದ ಮೇಲೆ ಪೇಟೆಂಟ್ ಪಡೆಯುವುದೇ ತನ್ನ ವೃತ್ತಿಯ ಪ್ರತಿಜ್ಞೆಗೆ ಸಲ್ಲದ್ದು ಎಂದು ಬ್ಯಾಂಟಿಂಗ್‌ಗೆ ಮೊದಲು ಅಳುಕಿತ್ತು. ಹಾಗಿದ್ದೂ ಪೇಟೆಂಟ್ ಏಕೆ ಮಾಡಿಸಿದರು? ತಾವು ಮಾಡಿಸದಿದ್ದರೆ ಇನ್ನೊಬ್ಬ ಮಾಡಿಸಿ ಊರಿಗೆಲ್ಲ ಬಾಗಿಲು ಹಾಕಿಯಾನು ಎಂಬ ಭಯ. ಬೇರೆ ಯಾರೂ ಬೇಲಿ ಹಾಕದಿರಲಿ ಎಂದು ತಾವೇ ಮೊದಲು ಹಾಕಿಕೊಂಡ ಬೇಲಿ ಅದು.

ವಾಟ್ಸಾಪ್‌ನಲ್ಲಿ ಓಡಾಡುವ ಕಥೆ ಇಲ್ಲಿಗೆ ಮುಗಿಯುತ್ತದೆ: ನಿಸ್ವಾರ್ಥ ವಿಜ್ಞಾನಿಗಳು, ಒಂದು ಡಾಲರ್, ಕಣ್ಣೀರು. ನನಗೆ ಕುತೂಹಲ ಇರುವುದು ಆ ಕಥೆ ಹೇಳದ ಭಾಗದ ಬಗ್ಗೆ. 1922ರ ವಸಂತದಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ತಯಾರಿಕೆಯೇ ನಿಂತುಹೋಯಿತು. ಬಟ್ಟಲಲ್ಲಿ ಮಾಡಿದ್ದನ್ನು ಕೊಪ್ಪರಿಗೆಯಲ್ಲಿ ಮಾಡಲು ಹೋದಾಗ ಹದ ತಪ್ಪಿತು. ಸ್ವತಃ ಕಾಲಿಪ್‌ಗೇ ತನ್ನ ಕೈಯ ಮರ್ಮ ಕೆಲವು ವಾರ ಸಿಗದೆ ಹೋಯಿತು. ವಿಶ್ವವಿದ್ಯಾಲಯದ್ದೇ ಆದ ಕೊನಾಟ್ ಪ್ರಯೋಗಾಲಯ ಲಾಭಕ್ಕಾಗಿ ನಡೆಯುತ್ತಿರಲಿಲ್ಲ, ಜನರ ಮೇಲೆ ಪ್ರೀತಿ ಇಟ್ಟಿದ್ದ ಸಂಸ್ಥೆ. ಪ್ರೀತಿಯೊಂದರಿಂದ ಇನ್ಸುಲಿನ್ ಇಳಿಯಲಿಲ್ಲ. ಹೊರಗೆ ರೋಗಿಗಳ ತಂದೆತಾಯಿಗಳು ಕಾಯುತ್ತಿದ್ದರು.

ಆಗ ಬಂದದ್ದು ಅಮೆರಿಕದ ಇಂಡಿಯಾನಾಪೊಲಿಸ್‌ನ ಎಲೈ ಲಿಲ್ಲಿ ಕಂಪನಿ. 1922ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಪ್ರಯೋಗದ ಅವಧಿಯಾಗಿ ಒಂದು ವರ್ಷ ಲಿಲ್ಲಿಗೆ ಏಕಸ್ವಾಮ್ಯ, ಆಮೇಲೆ ಅರ್ಹರಾದ ಎಲ್ಲರಿಗೂ ಪರವಾನಗಿ. ಲಿಲ್ಲಿಯ ರಸಾಯನಜ್ಞ ಜಾರ್ಜ್ ವಾಲ್ಡನ್ ಕೆಲವೇ ತಿಂಗಳಲ್ಲಿ ಆಮ್ಲತೆಯ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಇನ್ಸುಲಿನ್ ತಾನಾಗಿ ತಳಕ್ಕಿಳಿಯುತ್ತದೆ ಎಂಬುದನ್ನು ಕಂಡು, ಹಿಂದಿನದಕ್ಕಿಂತ ಎಷ್ಟೋ ಪಾಲು ಶುದ್ಧವಾದ, ಕೆಡದೆ ಉಳಿಯುವ ಮದ್ದನ್ನು ತಯಾರಿಸಿದ. ಕಸಾಯಿಖಾನೆಗಳಿಂದ ರೈಲುಗಟ್ಟಲೆ ಗ್ರಂಥಿಗಳನ್ನು ತರಿಸಿ, ಶೀತಲದಲ್ಲಿಟ್ಟು, ಅರೆದು, ಮದ್ಯಸಾರದಲ್ಲಿ ಕರಗಿಸಿ, ಸೋಸಿ ಮಾಡುವ ಕೆಲಸ. ಎರಡು ಟನ್ನಿಗೂ ಹೆಚ್ಚು ಹಂದಿಯ ಗ್ರಂಥಿಗಳಿಂದ ಸಿಗುತ್ತಿದ್ದದ್ದು 8 ಔನ್ಸ್, ಅಂದರೆ ಸುಮಾರು 225 ಗ್ರಾಂ ಇನ್ಸುಲಿನ್. ಈ ಪಾಡನ್ನು ಪ್ರೊಫೆಸರುಗಳು ಪಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಶೋಧದ ಗೌರವ ಬಟ್ಟಲಿಗೆ ಸಲ್ಲುತ್ತದೆ, ಆದರೆ ಕೊಪ್ಪರಿಗೆಯೂ ಶೋಧವೇ. ಲಾಭದಾಸೆ ಈ ಎರಡನೆಯ ಬಗೆಯ ಶೋಧದಲ್ಲಿ ಬಲು ನಿಪುಣ. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆ.

ಹಾಗೆಂದು ಲಿಲ್ಲಿ ಸುಮ್ಮನೆ ಕೂರಲಿಲ್ಲ. ತನ್ನ ಸರಕಿಗೆ ‘ಐಲೆಟಿನ್’ ಎಂದು ಬೇರೆಯೇ ಹೆಸರಿಟ್ಟು ಮಾರಿತು, ವಾಲ್ಡನ್ ವಿಧಾನಕ್ಕೆ ತನ್ನದೇ ಪೇಟೆಂಟ್ ಬೇಕೆಂದಿತು. ಪೇಟೆಂಟಿನ ಉಸ್ತುವಾರಿ ಹೊತ್ತಿದ್ದ ಟೊರಾಂಟೊ ವಿಶ್ವವಿದ್ಯಾಲಯದ ಇನ್ಸುಲಿನ್ ಸಮಿತಿ ಬಗ್ಗಲಿಲ್ಲ. ಪರವಾನಗಿ ಪಡೆದ ಯಾವ ಕಂಪನಿಯ ಸುಧಾರಣೆಯೂ ಉಳಿದ ಪರವಾನಗಿದಾರರಿಗೆ ಸಿಗಬೇಕು ಎಂಬುದು ಅದರ ಪಟ್ಟು. ತಯಾರಾದ ಪ್ರತಿಯೊಂದು ಬ್ಯಾಚಿನ ಮದ್ದಿನ ಶಕ್ತಿಯನ್ನೂ ಅದು ಪರೀಕ್ಷಿಸುತ್ತಿತ್ತು. ಬೆಲೆ ಇಳಿಯಿತು, ಲಿಲ್ಲಿಯೂ ಬೆಳೆಯಿತು. ಕಂಪನಿಗೆ ದುಡ್ಡು ಬಂದದ್ದು ಹೆಚ್ಚು ತಯಾರಿಸಿದ್ದರಿಂದ, ಚೆನ್ನಾಗಿ ತಯಾರಿಸಿದ್ದರಿಂದ. ಇದನ್ನು ನಾನು ಬೆಳೆಯ ಲಾಭ ಎನ್ನುತ್ತೇನೆ. ಪಕ್ಕದವನು ಬಿತ್ತದಂತೆ ತಡೆದು ಗಳಿಸುವುದು ಬೇಲಿಯ ಲಾಭ. ಲೆಕ್ಕಪತ್ರದಲ್ಲಿ ಎರಡೂ ಒಂದೇ ಕಾಲಮ್ಮಿನಲ್ಲಿ ಕೂರುತ್ತವೆ. ನಮ್ಮ ಚರ್ಚೆಗಳು ಕೆಡುವುದು ಅಲ್ಲಿಯೇ.

ಇನ್ನೊಂದು ದೇಶದಲ್ಲಿ ಇದೇ ಕಾಲಕ್ಕೆ ನಡೆದದ್ದು ಇನ್ನೂ ಸ್ವಾರಸ್ಯಕರ. ಡೆನ್ಮಾರ್ಕಿನ ಅಗಸ್ಟ್ ಕ್ರೋಗ್, 1920ರ ನೊಬೆಲ್ ಪಡೆದ ಶರೀರಶಾಸ್ತ್ರಜ್ಞ, 1922ರ ಕೊನೆಗೆ ಟೊರಾಂಟೊಗೆ ಹೋದರು. ಅವರ ಪತ್ನಿ ಮಾರಿ, ತಾವೇ ವೈದ್ಯೆ, ಸಕ್ಕರೆ ಕಾಯಿಲೆಯ ರೋಗಿ. ಅನುಮತಿ ಪಡೆದು ಬಂದ ಕ್ರೋಗ್, ಹಾಗೆಡಾರ್ನ್ ಎಂಬ ವೈದ್ಯರೊಂದಿಗೆ ಸೇರಿ ನಾರ್ಡಿಸ್ಕ್ ಪ್ರಯೋಗಾಲಯವನ್ನು ಕಟ್ಟಿದರು. ಅದು ಲಾಭ ಹಂಚದ ಸಂಸ್ಥೆ. ಉಳಿದ ಹಣವೆಲ್ಲ ಸಂಶೋಧನೆಗೆ, ರೋಗಿಗಳಿಗೆ. ಅಲ್ಲಿ ಕೆಲಸಕ್ಕಿದ್ದ ಥಾರ್ವಾಲ್ಡ್ ಪೀಡರ್ಸನ್‌ಗೂ ಹಾಗೆಡಾರ್ನ್‌ಗೂ ಕೂಡಿಬರಲಿಲ್ಲ, ಕೆಲಸ ಹೋಯಿತು. ತಮ್ಮನ ಬೆನ್ನಿಗೆ ಅಣ್ಣ ಹರಾಲ್ಡ್ ಕೂಡ ಹೊರಬಂದ. ಇಬ್ಬರೂ ಸೇರಿ ನೋವೊ ಎಂಬ ಕಂಪನಿಯನ್ನು ತೆರೆದರು. ಅಲ್ಲಿಂದ ಅರವತ್ತಕ್ಕೂ ಹೆಚ್ಚು ವರ್ಷ ಒಂದೇ ಊರಿನಲ್ಲಿ ಧರ್ಮಸಂಸ್ಥೆಯೊಂದಕ್ಕೂ ವ್ಯಾಪಾರಿ ಕಂಪನಿಯೊಂದಕ್ಕೂ ಹಟದ ಪೈಪೋಟಿ. ನಿಧಾನವಾಗಿ ಕರಗುವ ಪ್ರೊಟಮಿನ್ ಇನ್ಸುಲಿನ್ 1936ರಲ್ಲಿ ಬಂದದ್ದು ಹಾಗೆಡಾರ್ನ್‌ರಿಂದ, ಇಂದಿಗೂ ಬಳಕೆಯಲ್ಲಿರುವ ಎನ್‌ಪಿಎಚ್ ಇನ್ಸುಲಿನ್‌ನ ‘ಎಚ್’ ಅವರ ಹೆಸರಿನದೇ. ಲೆಂಟೆ ಇನ್ಸುಲಿನ್ ಬಂದದ್ದು ನೋವೊದಿಂದ. ಜೇಬಿನಲ್ಲಿಟ್ಟುಕೊಳ್ಳುವ ಪೆನ್ನನ್ನು 1985ರಲ್ಲಿ ಕೊಟ್ಟದ್ದೂ ನೋವೊ. ಯಾರು ಹೆಚ್ಚು ಶೋಧಿಸಿದರು? ಲಾಭವಿಲ್ಲದವರೋ, ಇದ್ದವರೋ? ನನಗೆ ಉತ್ತರ ಕಾಣುವುದಿಲ್ಲ. ಕಾಣುವುದು ಇಷ್ಟೇ: ಇನ್ನೊಬ್ಬ ಪಕ್ಕದ ಬೀದಿಯಲ್ಲಿದ್ದಾನೆ ಎಂಬ ಅರಿವು ಇಬ್ಬರನ್ನೂ ಮಲಗಲು ಬಿಡಲಿಲ್ಲ. 1989ರಲ್ಲಿ ಎರಡೂ ಸೇರಿ ನೋವೊ ನಾರ್ಡಿಸ್ಕ್ ಆಯಿತು.

ಈಗ ಲಾಭದವರೂ ಧರ್ಮದವರೂ ಮುಟ್ಟದ ಒಂದು ಕೆಲಸಕ್ಕೆ ಬರೋಣ. ಇನ್ಸುಲಿನ್ ಎಂದರೆ ರಾಸಾಯನಿಕವಾಗಿ ಏನು? ಇಪ್ಪತ್ತೈದು ವರ್ಷ ಜನ ಚುಚ್ಚಿಕೊಂಡರೂ ಯಾರಿಗೂ ಗೊತ್ತಿರಲಿಲ್ಲ. ಕೇಂಬ್ರಿಡ್ಜ್‌ನ ಫ್ರೆಡರಿಕ್ ಸ್ಯಾಂಗರ್ ಒಂದು ದಶಕ ಕೂತು ಅದರ ಅಮೈನೊ ಆಮ್ಲಗಳ ಸಾಲನ್ನು ಬಿಡಿಸಿದರು. 1958ರಲ್ಲಿ ನೊಬೆಲ್ ಬಂತು. ಸರಪಳಿ ಗೊತ್ತಾಯಿತು, ಅದು ಮಡಚಿಕೊಂಡ ಬಗೆ ಗೊತ್ತಾಗಲಿಲ್ಲ. ಆಕ್ಸ್‌ಫರ್ಡಿನ ಡೊರೊತಿ ಹಾಡ್ಜ್‌ಕಿನ್ ಇನ್ಸುಲಿನ್ ಹರಳಿನ ಮೇಲೆ ಕ್ಷಕಿರಣ ಹಾಯಿಸಿ ಮೊದಲ ಚಿತ್ರ ತೆಗೆದದ್ದು 1930ರ ದಶಕದ ನಡುವಿನಲ್ಲಿ. ಪೂರ್ಣ ರಚನೆ ಸಿಕ್ಕಿದ್ದು 1969ರಲ್ಲಿ. ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ. ತ್ರೈಮಾಸಿಕ ಲೆಕ್ಕ ಕೇಳುವ ಯಾವ ಷೇರುದಾರ ಇಷ್ಟು ಕಾಯುತ್ತಾನೆ? ಆ ಕೊನೆಯ ತಂಡದಲ್ಲಿ ಭಾರತದ ತರುಣರೊಬ್ಬರಿದ್ದರು, ಎಂ. ವಿಜಯನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತು ಆಕ್ಸ್‌ಫರ್ಡಿಗೆ ಹೋದವರು, ಅಲ್ಲಿಂದ ಮರಳಿ ಇದೇ ಸಂಸ್ಥೆಯಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನಕ್ಕೆ ನೆಲೆ ಕಟ್ಟಿದರು. ಯಶವಂತಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ಎಡಕ್ಕೋ ಬಲಕ್ಕೋ ಆ ಸಂಸ್ಥೆಯ ಮರಗಳನ್ನು ನೋಡುವ ನಾವು ಇದನ್ನು ನೆನೆಯುವುದು ಕಡಿಮೆ.

ಸಾರ್ವಜನಿಕ ಹಣದಿಂದ ಹುಟ್ಟಿದ ಈ ತಿಳಿವಳಿಕೆಯ ಮೇಲೆ ನಿಂತು 1978ರ ಓಟ ನಡೆಯಿತು. ಮನುಷ್ಯನ ಇನ್ಸುಲಿನ್‌ನ ಜೀನನ್ನು ಬ್ಯಾಕ್ಟೀರಿಯಾಕ್ಕೆ ಹಾಕಿ ಅದರ ಕೈಯಲ್ಲೇ ಇನ್ಸುಲಿನ್ ಮಾಡಿಸುವ ಪಂದ್ಯ. ಒಂದು ಕಡೆ ಹಾರ್ವರ್ಡ್‌ನ ವಾಲ್ಟರ್ ಗಿಲ್ಬರ್ಟ್ ತಂಡ, ಮತ್ತೊಂದು ಕಡೆ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ, ಮೂರನೆಯದು ಎರಡು ವರ್ಷದ ಕೂಸು, ಜೆನೆನ್‌ಟೆಕ್ ಕಂಪನಿ. ಹರ್ಬರ್ಟ್ ಬಾಯರ್ ಎಂಬ ವಿಜ್ಞಾನಿಯೂ ರಾಬರ್ಟ್ ಸ್ವಾನ್ಸನ್ ಎಂಬ ಹಣಕಾಸಿನವನೂ 1976ರಲ್ಲಿ ಹುಟ್ಟುಹಾಕಿದ್ದು. ವಿಶ್ವವಿದ್ಯಾಲಯಗಳಿಗೆ ಮಾನವ ಜೀನ್‌ಗಳ ಬಳಕೆಯ ಮೇಲೆ ಕಟ್ಟುನಿಟ್ಟಾದ ನಿಯಮಗಳಿದ್ದವು. ಗಿಲ್ಬರ್ಟ್ ತಂಡ ಇಂಗ್ಲೆಂಡಿನ ಬಿಗಿಭದ್ರತೆಯ ಪ್ರಯೋಗಾಲಯಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕಾಯಿತು. ಜೆನೆನ್‌ಟೆಕ್‌ನವರು ಸಿಟಿ ಆಫ್ ಹೋಪ್ ಆಸ್ಪತ್ರೆಯ ರಸಾಯನಜ್ಞರ ಜೊತೆ ಸೇರಿ ಜೀನನ್ನೇ ಅಕ್ಷರಕ್ಕಕ್ಷರ ಕೂಡಿಸಿ ತಯಾರಿಸಿದರು, ನಿಯಮದ ಬಲೆಯ ಕೆಳಗೆ ನುಸುಳಿ ಗೆದ್ದರು. ಲಿಲ್ಲಿ ಅದನ್ನು ಕಾರ್ಖಾನೆಗೆ ಒಯ್ದು, 1982ರಲ್ಲಿ ‘ಹ್ಯುಮುಲಿನ್’ ಎಂದು ಮಾರುಕಟ್ಟೆಗೆ ತಂದಿತು. ಇಲ್ಲಿ ಲಾಭದ ಪಕ್ಷಕ್ಕೆ ಪೂರ್ತಿ ಅಂಕ ಕೊಡಬೇಕು. ಸ್ವಾನ್ಸನ್‌ನ ಅವಸರವಿಲ್ಲದೆ ಇದು ಇಷ್ಟು ಬೇಗ ಆಗುತ್ತಿರಲಿಲ್ಲ.

ಆದರೆ ಆ ಓಟದ ನೆಲ ಯಾರದು ಎಂದು ಕೇಳಿ. ಜೀನನ್ನು ಕತ್ತರಿಸಿ ಅಂಟಿಸುವ ಮೂಲ ತಂತ್ರ ಇದೇ ಬಾಯರ್ ಮತ್ತು ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೊಹೆನ್ ಅವರದು, 1973ರದು. ಅದಕ್ಕೂ ಪೇಟೆಂಟ್ ಆಯಿತು. ವಿಶ್ವವಿದ್ಯಾಲಯಗಳು ಅದನ್ನು ಒಂದೇ ಕಂಪನಿಗೆ ಮಾರಿಕೊಳ್ಳದೆ ಕೇಳಿದವರಿಗೆಲ್ಲ ಸಣ್ಣ ಶುಲ್ಕಕ್ಕೆ ಕೊಟ್ಟವು. ನೂರಾರು ಕಂಪನಿಗಳು ಪಡೆದವು, ಪೇಟೆಂಟ್ ಮುಗಿಯುವ ಹೊತ್ತಿಗೆ ಇಪ್ಪತ್ತೈದು ಕೋಟಿ ಡಾಲರಿಗೂ ಹೆಚ್ಚು ಹಣ ಬಂತು. ಅದನ್ನು ಒಬ್ಬರ ಕೈಗೇ ಕೊಟ್ಟಿದ್ದರೆ ಜೈವಿಕ ತಂತ್ರಜ್ಞಾನ ಎಂಬ ಉದ್ಯಮವೇ ಒಂದು ಕಂಪನಿಯ ಇಲಾಖೆಯಾಗಿ ಉಳಿಯುತ್ತಿತ್ತೇನೋ.

ಹೊಸ ಇನ್ಸುಲಿನ್‌ಗಳು ಬಂದವು. ಅಣುವಿನಲ್ಲಿ ಅಮೈನೊ ಆಮ್ಲಗಳನ್ನು ಅದಲುಬದಲು ಮಾಡಿ ಬೇಗ ಕರಗುವಂತೆ, ನಿಧಾನ ಕರಗುವಂತೆ ಮಾಡಿದವು. ಲಿಲ್ಲಿಯ ಹ್ಯುಮಲಾಗ್ 1996ರಲ್ಲಿ ಬಂದಾಗ ಅಮೆರಿಕದಲ್ಲಿ ಒಂದು ಸೀಸೆಗೆ 21 ಡಾಲರ್. 2019ರ ಹೊತ್ತಿಗೆ ಅದೇ ಸೀಸೆಯ ನಮೂದಿತ ಬೆಲೆ ಸುಮಾರು 275 ಡಾಲರ್. ಸೀಸೆಯೊಳಗಿನ ಮದ್ದು ಒಂದಿಷ್ಟೂ ಬದಲಾಗಿರಲಿಲ್ಲ. ಮಾರುಕಟ್ಟೆಯನ್ನು ಹಂಚಿಕೊಂಡಿದ್ದ ಲಿಲ್ಲಿ, ನೋವೊ, ಸನೋಫಿ ಎಂಬ ಮೂರು ಕಂಪನಿಗಳ ಬೆಲೆಗಳು ಜೊತೆಜೊತೆಗೇ ಮೆಟ್ಟಿಲು ಹತ್ತಿದವು. ನಡುವೆ ದಲ್ಲಾಳಿ ಸಂಸ್ಥೆಗಳು. ವಿಮೆಯ ಪಟ್ಟಿಯಲ್ಲಿ ಯಾವ ಔಷಧ ಇರಬೇಕೆಂದು ನಿರ್ಧರಿಸುವವರು. ನಮೂದಿತ ಬೆಲೆ ಹೆಚ್ಚಿದಷ್ಟೂ ಅವರಿಗೆ ಸಿಗುವ ರಿಬೇಟು ಹೆಚ್ಚು. ಬೆಲೆ ಇಳಿಸಿದವನೇ ಪಟ್ಟಿಯಿಂದ ಹೊರಬೀಳುವ ವಿಚಿತ್ರ ಸಂತೆ. ಪೇಟೆಂಟುಗಳು ಅಣುವಿನ ಮೇಲೆ ಮುಗಿದರೆ ಪೆನ್ನಿನ ಮೇಲೆ, ಪೆನ್ನಿನ ಗುಂಡಿಯ ಮೇಲೆ ಮುಂದುವರಿದವು. ಅಗ್ಗವಾಗಿದ್ದ ಹಳೆಯ ಹಂದಿ ಇನ್ಸುಲಿನ್ ಅಲ್ಲಿನ ಅಂಗಡಿಗಳಿಂದಲೇ ಕಣ್ಮರೆಯಾಯಿತು. ವಿಮೆಯಿಲ್ಲದವರು ಮದ್ದನ್ನು ಅರ್ಧರ್ಧ ಚುಚ್ಚಿಕೊಂಡು ದಿನ ತಳ್ಳಿದರು, ಕೆಲವರು ಸತ್ತರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದು ಇದಕ್ಕೇ.

ಇದು ಈ ಕಾಲದ ಹೊಸ ಚಾಳಿಯೆಂದು ಯಾರೂ ತಿಳಿಯಬೇಡಿ. 1941ರಲ್ಲೇ ಅಮೆರಿಕ ಸರ್ಕಾರ ಇನ್ಸುಲಿನ್ ಮಾರುತ್ತಿದ್ದ ಕಂಪನಿಗಳ ಮೇಲೆ ಬೆಲೆಯಲ್ಲಿ ಒಳಒಪ್ಪಂದ ಮಾಡಿಕೊಂಡ ಆರೋಪದ ಮೊಕದ್ದಮೆ ಹೂಡಿತ್ತು. ಇನ್ನೂ ಹಿಂದಕ್ಕೆ ಹೋದರೆ ಉಗಿಯಂತ್ರದ ಜೇಮ್ಸ್ ವಾಟ್ ಸಿಗುತ್ತಾನೆ. ಆ ಕಥೆಯ ಬಾಲ ನಮ್ಮ ಕೋಲಾರದವರೆಗೂ ಬಂದಿರುವುದರಿಂದ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ.

ವಾಟ್ ತನ್ನ ಪ್ರತ್ಯೇಕ ಕಂಡೆನ್ಸರಿಗೆ ಪೇಟೆಂಟ್ ಪಡೆದದ್ದು 1769ರಲ್ಲಿ. ಮೊದಲ ಪಾಲುದಾರ ದಿವಾಳಿಯೆದ್ದ. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್ ಕೈಹಿಡಿದ, ಆದರೆ ಪೇಟೆಂಟಿನ ಅವಧಿ ಹೆಚ್ಚಬೇಕೆಂದ. 1775ರಲ್ಲಿ ಪಾರ್ಲಿಮೆಂಟು ಅದನ್ನು 1800ರವರೆಗೆ ವಿಸ್ತರಿಸಿತು. ಆ ಅಭಯವಿಲ್ಲದೆ ಬೌಲ್ಟನ್ ಹಣ ಹಾಕುತ್ತಿರಲಿಲ್ಲ ಎಂಬುದು ನಿಜ. ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳು ಅವರ ದೊಡ್ಡ ಗಿರಾಕಿಗಳು. ಹಳೆಯ ಯಂತ್ರಕ್ಕಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯ ಮೂರನೆಯ ಒಂದು ಪಾಲು ವರ್ಷ ವರ್ಷ ಕಟ್ಟಬೇಕು. ಹಾರ್ನ್‌ಬ್ಲೋವರ್ ಎಂಬಾತ ಎರಡು ಸಿಲಿಂಡರಿನ ಯಂತ್ರ ಮಾಡಿದಾಗ ವಾಟ್ ತನ್ನ ಪೇಟೆಂಟನ್ನು ಅಡ್ಡ ಹಿಡಿದು ತಡೆದ. ಹೆಚ್ಚು ಒತ್ತಡದ ಹಬೆ ಅಪಾಯಕಾರಿ ಎಂದು ತಾನು ಮುಟ್ಟಲಿಲ್ಲ, ಮುಟ್ಟುವವರಿಗೆ ದಾರಿಯನ್ನೂ ಬಿಡಲಿಲ್ಲ.

1800ರಲ್ಲಿ ಪೇಟೆಂಟ್ ಮುಗಿಯಿತು. 1801ರ ಕ್ರಿಸ್‌ಮಸ್ ಹಿಂದಿನ ದಿನ ರಿಚರ್ಡ್ ಟ್ರೆವಿಥಿಕ್ ಕ್ಯಾಂಬೋರ್ನ್‌ನ ಏರಿನಲ್ಲಿ ಹೆಚ್ಚೊತ್ತಡದ ಹಬೆಯ ಗಾಡಿಯನ್ನು ಓಡಿಸಿ ತೋರಿಸಿದ. 1811ರಿಂದ ಗಣಿಯ ಕ್ಯಾಪ್ಟನ್ ಜೋಯಲ್ ಲೀನ್ ಒಂದು ಮಾಸಿಕ ವರದಿ ಹೊರಡಿಸತೊಡಗಿದ. ಯಾವ ಗಣಿಯ ಯಾವ ಯಂತ್ರ ಒಂದು ಬುಷಲ್ ಕಲ್ಲಿದ್ದಲಿಗೆ ಎಷ್ಟು ನೀರು ಎತ್ತಿತು, ಅದನ್ನು ಕಟ್ಟಿದವರು ಯಾರು, ಅದರ ವಿನ್ಯಾಸವೇನು, ಎಲ್ಲ ಬಹಿರಂಗ. ಎಂಜಿನಿಯರುಗಳು ಪರಸ್ಪರ ನೋಡಿ ತಿದ್ದಿಕೊಂಡರು, ಪೇಟೆಂಟ್ ಮಾಡಿಸುವವರು ಅಪರೂಪವಾದರು. ಮುಂದಿನ ಮೂರು ದಶಕಗಳಲ್ಲಿ ಯಂತ್ರಗಳ ಸರಾಸರಿ ದಕ್ಷತೆ ಸುಮಾರು ಮೂರು ಪಟ್ಟಾಯಿತು. ಗಣಿಯವರಿಗೆ ಲಾಭದಾಸೆ ಇರಲಿಲ್ಲವೇ? ಧಾರಾಳವಾಗಿತ್ತು. ವೇಲ್ಸಿನಿಂದ ಹಡಗಿನಲ್ಲಿ ತರಿಸುವ ಕಲ್ಲಿದ್ದಲಿನ ಖರ್ಚು ಅವರ ಹೊಟ್ಟೆ ಉರಿಸುತ್ತಿತ್ತು. ಆಸೆ ಇದ್ದದ್ದೇ ಇತ್ತು, ಬೇಲಿ ಹೋಗಿತ್ತು. ಆ ಕಾಲದ ಅತಿದಕ್ಷ ಯಂತ್ರಗಳಲ್ಲೊಂದು ಜಾನ್ ಟೇಲರ್ ಎಂಬ ಗಣಿ ನಿರ್ವಾಹಕನ ಹೆಸರಿನಲ್ಲಿತ್ತು. ಅವನ ಹೆಸರಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೇ 1880ರ ಸುಮಾರಿಗೆ ಕೋಲಾರದ ಚಿನ್ನದ ಗಣಿಗಳಿಗೆ ಬಂದದ್ದು, ಜೊತೆಗೆ ಕಾರ್ನ್‌ವಾಲ್‌ನ ಗಣಿಗಾರರನ್ನೂ ಕರೆತಂದದ್ದು. ಕೆಜಿಎಫ್‌ನಲ್ಲಿ ಆ ಲಾಭ ಯಾರ ಬೆವರಿನಿಂದ ಬಂತು ಎನ್ನುವುದು ಇನ್ನೊಂದು ಉಪನ್ಯಾಸದ ವಿಷಯ.

ಇನ್ಸುಲಿನ್‌ಗೆ ಮರಳೋಣ, ಈ ಸಲ ನಮ್ಮ ದೇಶದ ಕಡೆಯಿಂದ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಬುನಾದಿಯ ಮೇಲೆ 1970ರ ಪೇಟೆಂಟ್ ಕಾಯ್ದೆ ಬಂತು. ಅದರಲ್ಲಿ ಔಷಧದ ಮೇಲೆ ಪೇಟೆಂಟ್ ಇರಲಿಲ್ಲ, ಅದನ್ನು ಮಾಡುವ ವಿಧಾನದ ಮೇಲೆ ಮಾತ್ರ ಇತ್ತು. ಅದೇ ಮಾತ್ರೆಯನ್ನು ಇನ್ನೊಂದು ದಾರಿಯಲ್ಲಿ ಯಾರು ಬೇಕಾದರೂ ಮಾಡಬಹುದಿತ್ತು. ಇದನ್ನು ಕಳ್ಳತನದ ಕಾಯ್ದೆ ಎಂದು ಪಾಶ್ಚಾತ್ಯ ಕಂಪನಿಗಳು ಬೈದವು. ನನ್ನ ಮಟ್ಟಿಗೆ ಇದು ಕಾರ್ನ್‌ವಾಲ್‌ನ ಕಾಯ್ದೆ. ಹೊಸ ದಾರಿ ಹುಡುಕುವುದೇ ಹೊಟ್ಟೆಪಾಡಾದಾಗ ನಮ್ಮ ರಸಾಯನಜ್ಞರು ದಾರಿ ಹುಡುಕುವುದರಲ್ಲಿ ಜಗತ್ತಿಗೇ ಜಾಣರಾದರು. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಏಡ್ಸ್‌ನ ಮೂರು ಔಷಧಗಳ ಸಂಯೋಜನೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದಾಗ ಪಾಶ್ಚಾತ್ಯ ದೇಶಗಳಲ್ಲಿ ಅದರ ಬೆಲೆ ಹತ್ತು ಸಾವಿರ ಡಾಲರಿಗೂ ಮೇಲಿತ್ತು. ಸಿಪ್ಲಾ ಧರ್ಮಛತ್ರವಲ್ಲ, ಲಾಭ ಮಾಡುವ ಕಂಪನಿಯೇ. ಆದರೆ ಹೊಸದಾಗಿ ಹುಟ್ಟುವ ಅಣುಗಳ ವಿಷಯದಲ್ಲಿ ನಮ್ಮ ಸಾಧನೆ ತೆಳು. ಆ ಕಾಯ್ದೆಯ ಮೂವತ್ತೈದು ವರ್ಷಗಳಲ್ಲಿ ನಮ್ಮ ಕಂಪನಿಗಳು ಹಳೆಯ ಔಷಧಕ್ಕೆ ಹೊಸ ದಾರಿ ಕಂಡವು, ಹೊಸ ಔಷಧವನ್ನು ಕಂಡದ್ದು ವಿರಳ. ಬೇಲಿಯ ವಕೀಲರ ಈ ವಾದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. 2005ರಲ್ಲಿ ಔಷಧದ ಮೇಲಿನ ಪೇಟೆಂಟ್ ಎಂಬ ಬೇಲಿ ಮತ್ತೆ ಬಂತು, ಹೊಸ ಅಣುಗಳ ಸುಗ್ಗಿಯೇನೂ ಬರಲಿಲ್ಲ ಎಂಬುದಷ್ಟನ್ನು ಹೇಳಬಲ್ಲೆ.

1978ರಲ್ಲಿ, ಅಲ್ಲಿ ಜೆನೆನ್‌ಟೆಕ್ ಗೆದ್ದ ವರ್ಷವೇ, ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಶುರುಮಾಡಿದರು. ಪರಂಗಿ ಕಾಯಿಯ ಹಾಲಿನಿಂದ ಪಪೈನ್, ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸ್. ಬಿಯರ್ ತಿಳಿಗೊಳಿಸುವವರಿಗೆ ಬೇಕಾದ ಸರಕು. ಕಿಣ್ವ ಮಾಡುತ್ತ ಮಾಡುತ್ತ ಹುದುಗಿಸುವ ವಿದ್ಯೆ ಕೈಗೆ ಹತ್ತಿತು. ಲಿಲ್ಲಿ ಬ್ಯಾಕ್ಟೀರಿಯಾದಲ್ಲಿ, ನೋವೊ ಬ್ರೆಡ್ಡಿನ ಯೀಸ್ಟಿನಲ್ಲಿ ಇನ್ಸುಲಿನ್ ಬೆಳೆಸುತ್ತಿದ್ದರೆ, ಬಯೋಕಾನ್ ಪಿಕಿಯಾ ಪಾಸ್ಟೊರಿಸ್ ಎಂಬ ಇನ್ನೊಂದು ಯೀಸ್ಟನ್ನು ಆರಿಸಿಕೊಂಡಿತು. 2004ರಲ್ಲಿ ಅದರ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಅದಕ್ಕೆ ಒಂದು ವರ್ಷ ಮೊದಲೇ ವೊಕಾರ್ಟ್ ತನ್ನದನ್ನು ತಂದಿತ್ತು. 2019ರಲ್ಲಿ ಬಯೋಕಾನ್ ಬಡ ಮತ್ತು ಮಧ್ಯಮ ವರಮಾನದ ದೇಶಗಳಿಗೆ ದಿನಕ್ಕೆ ಹತ್ತು ಸೆಂಟಿಗಿಂತ ಕಡಿಮೆಗೆ ಇನ್ಸುಲಿನ್ ಕೊಡುವುದಾಗಿ ಪ್ರಕಟಿಸಿತು.

ಚಪ್ಪಾಳೆ ತಟ್ಟುವ ಮುನ್ನ ಇನ್ನೊಂದು ಸಂಗತಿ ಕೇಳಿ. ಇದೇ ಕಂಪನಿಯ ಗ್ಲಾರ್ಜಿನ್ ಇನ್ಸುಲಿನ್‌ಗೆ 2021ರ ಜುಲೈನಲ್ಲಿ ಅಮೆರಿಕದ ಔಷಧ ಪ್ರಾಧಿಕಾರ ಸನೋಫಿಯ ಲ್ಯಾಂಟಸ್‌ಗೆ ಬದಲಿಯಾಗಿ ಔಷಧದಂಗಡಿಯವರೇ ಕೊಡಬಹುದೆಂಬ ಮಾನ್ಯತೆ ಕೊಟ್ಟಿತು. ಇನ್ಸುಲಿನ್‌ಗಳಲ್ಲಿ ಇಂಥ ಮಾನ್ಯತೆ ಅದೇ ಮೊದಲು. ಬೆಲೆ ಧೊಪ್ಪನೆ ಬೀಳುತ್ತದೆ ಎಂದು ಎಲ್ಲರೂ ಕಾದರು. ಆ ವರ್ಷದ ಕೊನೆಗೆ ಅದು ಅಲ್ಲಿನ ಪಾಲುದಾರ ಕಂಪನಿಯ ಮೂಲಕ ಎರಡು ಬೆಲೆಗಳಲ್ಲಿ ಅಂಗಡಿಗೆ ಬಂತು. ಸೆಮ್‌ಗ್ಲೀ ಎಂಬ ಹೆಸರು ಹೊತ್ತ ಐದು ಪೆನ್ನುಗಳ ಪೆಟ್ಟಿಗೆಗೆ ಸುಮಾರು 404 ಡಾಲರ್. ಹೆಸರಿಲ್ಲದ, ಒಳಗೆ ಅದೇ ಮದ್ದಿರುವ ಪೆಟ್ಟಿಗೆಗೆ ಸುಮಾರು 148 ಡಾಲರ್. ದುಬಾರಿಯದು ರಿಬೇಟು ಬೇಡುವ ದಲ್ಲಾಳಿಗಳಿಗಾಗಿ, ಅಗ್ಗದ್ದು ಉಳಿದವರಿಗಾಗಿ. ಬಡದೇಶಗಳಲ್ಲಿ ಹತ್ತು ಸೆಂಟಿನ ಮಾತಾಡಿದ ಕಂಪನಿಯದೇ ಮದ್ದು ಇದು. ಆ ಕಂಪನಿಗೆ ರಾತ್ರೋರಾತ್ರಿ ದುರಾಸೆ ಹುಟ್ಟಿತೇ? ನನಗೆ ಹಾಗನ್ನಿಸುವುದಿಲ್ಲ. ಬದಲಾದದ್ದು ಸಂತೆ. ಒಂದು ಸಂತೆಯಲ್ಲಿ ಅಗ್ಗ ಮಾಡಿದವನಿಗೆ ಗಿರಾಕಿ, ಇನ್ನೊಂದರಲ್ಲಿ ದುಬಾರಿ ಮಾಡಿದವನಿಗೆ ಬಾಗಿಲು.

ಸಂತೆಯ ನಿಯಮ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಲಿಲ್ಲಿಯೇ ಸಾಕ್ಷಿ. 2023ರ ಮಾರ್ಚ್‌ನಲ್ಲಿ ಅದು ತನ್ನ ಅತಿ ಹೆಚ್ಚು ಬಳಕೆಯ ಇನ್ಸುಲಿನ್‌ಗಳ ಬೆಲೆಯನ್ನು ಶೇ. 70ರಷ್ಟು ಇಳಿಸುವುದಾಗಿ ಪ್ರಕಟಿಸಿತು. ಜನರ ಒತ್ತಡ, ರಾಜಕಾರಣಿಗಳ ಭಾಷಣ ಎಲ್ಲವೂ ಇತ್ತು. ಅದರ ಜೊತೆಗೆ ಒಣ ಲೆಕ್ಕವೊಂದೂ ಇತ್ತು. ಬಡವರ ಆರೋಗ್ಯ ಯೋಜನೆಯಾದ ಮೆಡಿಕೈಡ್‌ಗೆ ಕಂಪನಿಗಳು ಕೊಡಬೇಕಾದ ರಿಬೇಟಿಗೆ ಇದ್ದ ಮೇಲ್ಮಿತಿ 2024ರ ಜನವರಿಯಿಂದ ಹೋಗುವುದಿತ್ತು. ವರ್ಷ ವರ್ಷ ಬೆಲೆ ಏರಿಸಿದ ಔಷಧಕ್ಕೆ, ಮಾರಿದ ಬೆಲೆಗಿಂತ ಹೆಚ್ಚಿನ ಹಣವನ್ನು ಸರ್ಕಾರಕ್ಕೆ ಹಿಂತಿರುಗಿಸಬೇಕಾಗುತ್ತಿತ್ತು. ಇಳಿಸಿದರೆ ಲಾಭ, ಇಳಿಸದಿದ್ದರೆ ನಷ್ಟ. ಲಾಭದಾಸೆ ಅದೇ, ಮುಖ ತಿರುಗಿದ ದಿಕ್ಕು ಬೇರೆ.

ಲಾಭ ತಿರುಗಿಯೂ ನೋಡದ ಕಡೆಯ ಬಗ್ಗೆ ಒಂದು ಮಾತು. 1974ರಲ್ಲಿ ಅಮೂಲ್ಯ ರೆಡ್ಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಶುರುಮಾಡಿದರು. ಕುಣಿಗಲ್ ತಾಲೂಕಿನ ಉಂಗ್ರ ಅವರ ಪ್ರಯೋಗಶಾಲೆ. ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟುವ ಅಸ್ತ್ರ ಒಲೆ ಅಲ್ಲಿಂದ ಬಂತು. ಹಳ್ಳಿಯ ಹೆಂಗಸರ ಕಣ್ಣುರಿಯನ್ನು ಸಂಶೋಧನೆಯ ವಿಷಯವೆಂದು ಯಾವ ಕಂಪನಿಯೂ ಅಂದುಕೊಂಡಿರಲಿಲ್ಲ. ಒಲೆ ಸರ್ಕಾರಿ ಯೋಜನೆಗಳಲ್ಲಿ ರಾಜ್ಯವೆಲ್ಲ ಹಬ್ಬಿತು. ಆದರೆ ಕಟ್ಟಿಕೊಡಲು ಹಣವಿದ್ದ ಯೋಜನೆಯಲ್ಲಿ ಬಿರುಕು ಬಿಟ್ಟಾಗ ಮೆತ್ತಲು, ಕೊಳವೆ ಕಟ್ಟಿಕೊಂಡಾಗ ಬಿಡಿಸಲು ಹಣವಿರಲಿಲ್ಲ. ನಾಳೆಯೂ ಆ ಮನೆಗೆ ಬರಬೇಕೆಂಬ ಹಂಗು ಯಾರಿಗೂ ಇರಲಿಲ್ಲ. 1995ರಲ್ಲಿ ಹರೀಶ್ ಹಂದೆ ಕಟ್ಟಿದ ಸೆಲ್ಕೊ ಸೌರದೀಪವನ್ನು ದಾನ ಮಾಡದೆ ಮಾರಿತು. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಸಮೀಪದಲ್ಲೇ ರಿಪೇರಿಯವರನ್ನಿಟ್ಟು. ಕಂತು ಬರಬೇಕಾದರೆ ದೀಪ ಉರಿಯುತ್ತಿರಬೇಕು, ವ್ಯವಹಾರದ ಈ ಕಟ್ಟುಪಾಡು ಸಹಾಯಧನದ ಒಲೆಗೆ ಇರಲಿಲ್ಲ. ಲಾಭವನ್ನು ಹಗುರವಾಗಿ ಬೈಯುವ ನಮ್ಮ ಸಮಾಜವಾದಿ ಮಿತ್ರರು ಇದನ್ನು ಗಮನಿಸಬೇಕು. ನಾನೂ ಅವರ ಪೈಕಿಯವನೇ.

ಕೊನೆಗೆ ಇತ್ತೀಚಿನ ಒಂದು ಬೆಳವಣಿಗೆ. ಅಮೆರಿಕದ ಆಸ್ಪತ್ರೆಗಳು ಔಷಧದ ಅಭಾವದಿಂದ ಬೇಸತ್ತು ಕಟ್ಟಿಕೊಂಡ ಸಿವಿಕಾ ಎಂಬ ಲಾಭರಹಿತ ಸಂಸ್ಥೆಯೊಂದಿದೆ. ಕ್ಯಾಲಿಫೋರ್ನಿಯಾ ಸರ್ಕಾರ 2023ರಲ್ಲಿ ಅದರೊಂದಿಗೆ 5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ತನ್ನದೇ ಹೆಸರಿನ ಇನ್ಸುಲಿನ್ ತರುವುದಾಗಿ ಹೇಳಿತು. ಎರಡು ವರ್ಷ ಏನೂ ಬರಲಿಲ್ಲ, ಟೀಕೆಗಳು ಬಂದವು. ಸದುದ್ದೇಶದಿಂದ ಕೊಪ್ಪರಿಗೆ ಕಾಯುವುದಿಲ್ಲ ಎಂಬುದು ಟೊರಾಂಟೊದವರಿಗೂ ಗೊತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಪ್ರಕಟಣೆ ಬಂತು: 2026ರ ಜನವರಿ 1ರಿಂದ ಐದು ಗ್ಲಾರ್ಜಿನ್ ಪೆನ್ನುಗಳ ಪೆಟ್ಟಿಗೆ 55 ಡಾಲರಿಗೆ, ಯಾವ ರಿಬೇಟಿನ ಕಣ್ಣುಮುಚ್ಚಾಲೆಯೂ ಇಲ್ಲದೆ. ಮದ್ದನ್ನು ಒದಗಿಸುವವರು ಯಾರು? ನಮ್ಮ ಬೆಂಗಳೂರಿನ ಬಯೋಕಾನ್. ಸರ್ಕಾರ ಬೆಲೆ ನಿಗದಿ ಮಾಡಿದೆ, ಲಾಭರಹಿತ ಸಂಸ್ಥೆ ನಡುವೆ ನಿಂತಿದೆ, ಲಾಭದ ಕಂಪನಿ ತಯಾರಿಸುತ್ತಿದೆ. 404, 148, 55. ಈ ಮೂರರಲ್ಲಿ ಅತಿ ಕಡಿಮೆಯದರಲ್ಲೂ ಆ ಕಂಪನಿ ನಷ್ಟಕ್ಕೆ ಮಾರುತ್ತಿರಲಾರದು. ಹಾಗಾದರೆ ಉಳಿದ ಅಂತರ ಯಾವ ಶೋಧದ ಕೂಲಿ ಎಂದು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಲೆಕ್ಕ ಹಾಕಿ ತೋರಿಸಿದರೆ, ಕೇಳಲು ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ.